ಆಸ್ಪತ್ರೆಗೆ ಮುನ್ನ: ಅರೆವೈದ್ಯಕೀಯ ಸಿಬ್ಬಂದಿಯ ತರಬೇತಿ

(ಉಪನ್ಯಾಸದ ಪಠ್ಯ)

ಆರೋಗ್ಯ ಸೇವೆ ಎಂದೊಡನೆ ಜನಸಾಮಾನ್ಯರ ಮನಸ್ಸಿನಲ್ಲಿ ಮೂಡುವ ಚಿತ್ರ ಆಸ್ಪತ್ರೆಯದು, ವೈದ್ಯರದು, ಔಷಧಿಯದು. ಆದರೆ ಎದೆನೋವಿನಿಂದ ಕುಸಿದು ಬಿದ್ದ ವ್ಯಕ್ತಿಗೆ, ಹೆದ್ದಾರಿಯಲ್ಲಿ ರಕ್ತ ಸುರಿಸುತ್ತ ಮಲಗಿರುವ ಪ್ರಯಾಣಿಕನಿಗೆ, ಮನೆಯಲ್ಲಿಯೇ ಹೆರಿಗೆ ನೋವು ಬಲಿತ ತಾಯಿಗೆ ಆಸ್ಪತ್ರೆಯ ಬಾಗಿಲು ಬಹು ದೂರದಲ್ಲಿರುತ್ತದೆ. ಆ ದೂರವನ್ನು ಕ್ರಮಿಸುವ ಅವಧಿಯಲ್ಲಿ ಅವರ ಪ್ರಾಣವು ಆಂಬುಲೆನ್ಸಿನಲ್ಲಿ ಕುಳಿತ ಸಿಬ್ಬಂದಿಯ ಕೈಯಲ್ಲಿರುತ್ತದೆ. ಆ ಕೈ ನುರಿತದ್ದಾಗಿದ್ದರೆ ಆಸ್ಪತ್ರೆಯ ವೈದ್ಯರಿಗೆ ಕೆಲಸ ಮಾಡಲು ಅವಕಾಶ ಉಳಿಯುತ್ತದೆ; ಇಲ್ಲವಾದರೆ ಎಂತಹ ದೊಡ್ಡ ಆಸ್ಪತ್ರೆಯೂ ಅಸಹಾಯಕವಾಗುತ್ತದೆ.

ಈ ಸಿಬ್ಬಂದಿಗೆ ನೀಡಬೇಕಾದ ತರಬೇತಿಯಲ್ಲಿ ಮೂರು ಅಂಗಗಳು ಮುಖ್ಯವಾದುವು. ಮೊದಲನೆಯದು ರೋಗಿಯ ಸ್ಥಿತಿಯನ್ನು ಸರಿಯಾಗಿ ಅರಿಯುವುದು. ಎರಡನೆಯದು ಅರಿತುದಕ್ಕೆ ತಕ್ಕ ಉಪಚಾರವನ್ನು ಕೈಯಾರೆ ಮಾಡುವ ಕೌಶಲ. ಮೂರನೆಯದು ರೋಗಿಯ ಗುಟ್ಟನ್ನು ಕಾಪಾಡುವುದು. ಮೊದಲ ಎರಡು ಅಂಗಗಳ ಅಗತ್ಯವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮೂರನೆಯದು ಕೇವಲ ಸೌಜನ್ಯದ ಮಾತೆಂದು ಹಲವರು ಭಾವಿಸುವುದುಂಟು. ಆದರೆ ಮೂರನೆಯದಿಲ್ಲದೆ ಮೊದಲಿನವೆರಡೂ ನಿಷ್ಫಲವಾಗುತ್ತವೆ ಎಂಬುದಕ್ಕೆ ಪುಣೆ ನಗರದ ಚರಿತ್ರೆಯೇ ಸಾಕ್ಷಿಯಾಗಿದೆ.

ಪುಣೆ ಕಲಿತ ಪಾಠ

ವೈದ್ಯಕೀಯ ಸಂಸ್ಥೆಗಳ ದೃಷ್ಟಿಯಿಂದ ಪುಣೆ ಭಾರತದ ಪ್ರಮುಖ ನಗರಗಳಲ್ಲೊಂದು. ದಾನಿ ಡೇವಿಡ್ ಸಸೂನರ ಹೆಸರಿನ ಆಸ್ಪತ್ರೆ ಇಲ್ಲಿ 1867ರಿಂದ ಜನರ ಸೇವೆಯಲ್ಲಿದೆ. 1946ರಲ್ಲಿ ಬಿ. ಜೆ. ವೈದ್ಯಕೀಯ ಕಾಲೇಜು, 1948ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸ್ಥಾಪನೆಗೊಂಡವು. ಆದರೆ ಈ ಕಾಲೇಜುಗಳು ಹುಟ್ಟುವುದಕ್ಕೆ ಅರ್ಧ ಶತಮಾನದಷ್ಟು ಹಿಂದೆ ಈ ನಗರ ಕಂಡ ಒಂದು ಘಟನೆ ಇಂದಿಗೂ ಆರೋಗ್ಯ ಕಾರ್ಯಕರ್ತರಿಗೆ ಪಾಠವಾಗಿ ಉಳಿದಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಗೂ ಹಬ್ಬಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಪುಣೆಯಲ್ಲಿ ರೋಗ ನಿಯಂತ್ರಣದ ಹೊಣೆಯನ್ನು ವಾಲ್ಟರ್ ಚಾರ್ಲ್ಸ್ ರ್‍ಯಾಂಡ್ ಎಂಬ ಆಂಗ್ಲ ಅಧಿಕಾರಿಗೆ ವಹಿಸಲಾಯಿತು. ರೋಗಿಗಳನ್ನು ಪತ್ತೆ ಹಚ್ಚುವ ಕೆಲಸಕ್ಕೆ ಆತ ಸೈನಿಕರನ್ನು ನೇಮಿಸಿದ. ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು. ಹೆಂಗಸರು ಗಂಡಸರೆನ್ನದೆ ಪರೀಕ್ಷೆಗೆ ಗುರಿಪಡಿಸಿದರು. ರೋಗದ ಸಂಶಯವಿದ್ದವರನ್ನು ಎಲ್ಲರ ಕಣ್ಣೆದುರಿಗೇ ಕರೆದೊಯ್ದರು. ರೋಗವನ್ನು ತಡೆಯುವ ಉದ್ದೇಶ ಏನೇ ಇದ್ದಿರಲಿ, ಜನರಿಗೆ ಕಂಡದ್ದು ತಮ್ಮ ಮಾನಕ್ಕೆ ಒದಗಿದ ಭಂಗ. ಹಲವರು ಮನೆಯಲ್ಲಿನ ರೋಗಿಗಳನ್ನು ಮುಚ್ಚಿಟ್ಟರು. ಅಸಮಾಧಾನ ಕ್ರೋಧಕ್ಕೆ ತಿರುಗಿತು. 1897ರ ಜೂನ್ 22ರ ರಾತ್ರಿ ಗಣೇಶಖಿಂಡದಲ್ಲಿ ಚಾಪೇಕರ್ ಸಹೋದರರು ರ್‍ಯಾಂಡ್‌ನ ಮೇಲೆ ಗುಂಡು ಹಾರಿಸಿದ್ದು ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯಲ್ಲಿ ದಾಖಲಾಗಿದೆ.

ಅದೇ ಪ್ಲೇಗಿನ ದಿನಗಳಲ್ಲಿ ಅದೇ ಪುಣೆಯಲ್ಲಿ ಇನ್ನೊಂದು ಬಗೆಯ ಸೇವೆಯೂ ನಡೆದಿತ್ತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಪುತ್ರ ವೈದ್ಯ ಯಶವಂತರಾವ್ ಊರ ಹೊರಗೆ ರೋಗಿಗಳಿಗಾಗಿ ಚಿಕಿತ್ಸಾಲಯವೊಂದನ್ನು ತೆರೆದಿದ್ದರು. ಮುಂಢವಾದ ಬಾಲಕನೊಬ್ಬನಿಗೆ ಪ್ಲೇಗು ತಗುಲಿದಾಗ ಅರುವತ್ತು ದಾಟಿದ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ರೋಗ ಅವರಿಗೂ ಅಂಟಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.

ಒಂದೇ ಊರು, ಒಂದೇ ರೋಗ, ಒಂದೇ ವರ್ಷ. ಒಂದು ಕಡೆ ಅಧಿಕಾರವಿತ್ತು, ಸಿಬ್ಬಂದಿಯಿತ್ತು, ಕಾನೂನಿನ ಬಲವಿತ್ತು, ಜನರ ವಿಶ್ವಾಸವಿರಲಿಲ್ಲ. ಇನ್ನೊಂದು ಕಡೆ ಬೆನ್ನೇ ವಾಹನವಾಗಿತ್ತು. ಅದನ್ನು ನಂಬಿ ಜನ ತಮ್ಮ ಮಕ್ಕಳನ್ನು ಒಪ್ಪಿಸಿದರು. ವಿಶ್ವಾಸವಿಲ್ಲದ ಕಡೆ ರೋಗಿ ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳದ ರೋಗಿಯನ್ನು ಯಾವ ವಿದ್ಯೆಯೂ ಪೂರ್ಣವಾಗಿ ಅರಿಯಲಾರದು.

ತುರ್ತು ಸೇವೆ ಬೆಳೆದು ಬಂದ ಬಗೆ

ಆಂಬುಲೆನ್ಸ್ ಎಂಬುದು ಬಹುಕಾಲ ರೋಗಿಯನ್ನು ಸಾಗಿಸುವ ವಾಹನ ಮಾತ್ರವಾಗಿತ್ತು. ಚಿಕಿತ್ಸೆಯೆಲ್ಲ ಆಸ್ಪತ್ರೆ ತಲುಪಿದ ಮೇಲೆ ಎಂಬ ಭಾವನೆಯಿತ್ತು. 1966ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಜ್ ಅವರು ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಡಿಫಿಬ್ರಿಲೇಟರ್ ಉಪಕರಣವನ್ನು ವಾಹನದಲ್ಲಿರಿಸಿ ರೋಗಿಯಿದ್ದಲ್ಲಿಗೆ ಒಯ್ಯುವ ಪ್ರಯೋಗ ಮಾಡಿ ಈ ಭಾವನೆಯನ್ನು ಬದಲಿಸಿದರು. ಮರುವರ್ಷ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ಕೃತಕ ಉಸಿರಾಟದ ವಿಧಾನಗಳಲ್ಲಿ ಖ್ಯಾತರಾದ ಡಾ. ಪೀಟರ್ ಸಫಾರ್ ಅವರ ಮಾರ್ಗದರ್ಶನದಲ್ಲಿ ಆ ನಗರದ ಬಡ ಬಡಾವಣೆಯ ನಿರುದ್ಯೋಗಿ ಕರಿಯ ಯುವಕರು ಅಲ್ಲಿ ತರಬೇತಿ ಹೊಂದಿದರು. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದವರೂ ಕ್ರಮಬದ್ಧ ತರಬೇತಿಯಿಂದ ಪ್ರಾಣ ಉಳಿಸುವ ವಿದ್ಯೆಯನ್ನು ಕರಗತ ಮಾಡಿಕೊಳ್ಳಬಲ್ಲರೆಂಬುದನ್ನು ಅವರು ಲೋಕಕ್ಕೆ ತೋರಿಸಿಕೊಟ್ಟರು. ಇಂದಿನ ಅರೆವೈದ್ಯಕೀಯ ತರಬೇತಿಯ ಬೇರುಗಳು ಆ ಪ್ರಯೋಗದಲ್ಲಿವೆ.

ನಮ್ಮ ದೇಶದಲ್ಲಿ 108 ಸಂಖ್ಯೆಯ ತುರ್ತು ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಿಂದ 2008ರ ನವೆಂಬರ್ 1ರಂದು ಅದು ಆರಂಭಗೊಂಡಿತು. ಮಹಾರಾಷ್ಟ್ರ ತುರ್ತು ವೈದ್ಯಕೀಯ ಸೇವೆ 2014ರಲ್ಲಿ ಕಾರ್ಯಾರಂಭ ಮಾಡಿತು. ಆ ಯೋಜನೆಗೆ ಒದಗಿಸಲಾದ 937 ಆಂಬುಲೆನ್ಸ್‌ಗಳಲ್ಲಿ 233 ಉನ್ನತ ಜೀವರಕ್ಷಕ ಸೌಲಭ್ಯಗಳನ್ನೂ, 704 ಪ್ರಾಥಮಿಕ ಜೀವರಕ್ಷಕ ಸೌಲಭ್ಯಗಳನ್ನೂ ಹೊಂದಿದ್ದವು. ಇಡೀ ರಾಜ್ಯದ ಕರೆಗಳನ್ನು ಸ್ವೀಕರಿಸುವ ಕೇಂದ್ರವನ್ನು ಪುಣೆಯ ಔಂಧ್‌ನಲ್ಲಿ ಸ್ಥಾಪಿಸಲಾಯಿತು. ವಾಹನದಲ್ಲಿ ವೈದ್ಯ ಪದವೀಧರರನ್ನೇ ನಿಯೋಜಿಸಿದ್ದು ಈ ಯೋಜನೆಯ ವೈಶಿಷ್ಟ್ಯ. ಇಂತಹ ಪದವೀಧರರಿಗೂ ತುರ್ತು ಚಿಕಿತ್ಸೆಯಲ್ಲಿ ಪ್ರತ್ಯೇಕ ತರಬೇತಿ ಬೇಕೆಂಬುದನ್ನು ಮನಗಂಡು ಪುಣೆಯ ಸಿಂಬಯಾಸಿಸ್ ಸಂಸ್ಥೆಯು ಸ್ನಾತಕೋತ್ತರ ಡಿಪ್ಲೊಮಾ ಶಿಕ್ಷಣಕ್ರಮವನ್ನು ರೂಪಿಸಿತು. ಪದವಿ ಬೇರೆ, ಓಡುವ ವಾಹನದಲ್ಲಿ ಮಾಡುವ ಚಿಕಿತ್ಸೆ ಬೇರೆ ಎಂಬ ಅರಿವು ಇದರ ಹಿಂದಿದೆ.

ಪುಣೆಯ ಭೌಗೋಳಿಕ ಸ್ಥಾನವೂ ಈ ಸೇವೆಯ ಮಹತ್ತ್ವವನ್ನು ಹೆಚ್ಚಿಸಿದೆ. ಸುಮಾರು 94 ಕಿಲೋಮೀಟರ್ ಉದ್ದದ ಮುಂಬಯಿ-ಪುಣೆ ವೇಗಪಥವು 2002ರಲ್ಲಿ ಪೂರ್ಣವಾಗಿ ಬಳಕೆಗೆ ಬಂದಿತು. ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೂಲಕ ಬೆಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯೂ ಇದೇ ನಗರವನ್ನು ಹಾದುಹೋಗುತ್ತದೆ. ಕರ್ನಾಟಕದ ಲಾರಿ ಚಾಲಕರು, ಬಸ್ಸಿನ ಪ್ರಯಾಣಿಕರು, ವಿಜಯಪುರ, ಕಲಬುರಗಿ ಕಡೆಗಳಿಂದ ಕೂಲಿಗಾಗಿ ಬಂದ ಕುಟುಂಬಗಳು ಇಲ್ಲಿ ನಿತ್ಯ ಕಾಣಸಿಗುತ್ತಾರೆ. ಆದ್ದರಿಂದ ಪುಣೆಯ ಆಂಬುಲೆನ್ಸಿನ ಸಿಬ್ಬಂದಿಗೆ ಮರಾಠಿಯಷ್ಟೇ ಅಲ್ಲದೆ ಕನ್ನಡದ ನರಳಾಟವೂ ಕಿವಿಗೆ ಬೀಳುತ್ತದೆ.

ರೋಗಿಯ ಸ್ಥಿತಿಯನ್ನು ಅರಿಯುವ ಕ್ರಮ

ತರಬೇತಿಯ ಮೊದಲ ಪಾಠ ಆಶ್ಚರ್ಯ ಹುಟ್ಟಿಸುವಂತಹುದು: ರೋಗಿಯ ಕಡೆಗೆ ಧಾವಿಸಬಾರದು. ಮೊದಲು ನಿಂತು ನೋಡಬೇಕು. ಹರಿದ ವಿದ್ಯುತ್ ತಂತಿ ಇದೆಯೇ, ಪೆಟ್ರೋಲು ಸೋರುತ್ತಿದೆಯೇ, ಹಿಂದಿನಿಂದ ವಾಹನಗಳು ನುಗ್ಗಿ ಬರುವ ಸಂಭವವಿದೆಯೇ ಎಂಬುದನ್ನು ಗಮನಿಸಬೇಕು. ರಕ್ಷಿಸಲು ಹೋದವನೇ ಗಾಯಗೊಂಡರೆ ರೋಗಿಗಳ ಸಂಖ್ಯೆ ಒಂದು ಹೆಚ್ಚುತ್ತದೆಯೇ ಹೊರತು ಸಹಾಯ ದೊರೆತಂತಾಗುವುದಿಲ್ಲ.

ಸ್ಥಳ ಸುರಕ್ಷಿತವೆಂದು ಖಚಿತವಾದ ಮೇಲೆ ಒಂದು ನಿಶ್ಚಿತ ಕ್ರಮದಲ್ಲಿ ಪರೀಕ್ಷೆ ಸಾಗುತ್ತದೆ. ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಅದನ್ನು ಕೂಡಲೇ ತಡೆಯಬೇಕು. ಅನಂತರ ಶ್ವಾಸಮಾರ್ಗ ತೆರೆದಿದೆಯೇ, ಉಸಿರಾಟ ಸಮರ್ಪಕವಾಗಿದೆಯೇ, ರಕ್ತ ಪರಿಚಲನೆ ಸರಿಯಾಗಿದೆಯೇ, ಪ್ರಜ್ಞೆ ಯಾವ ಮಟ್ಟದಲ್ಲಿದೆ, ಬಟ್ಟೆಯ ಮರೆಯಲ್ಲಿ ಬೇರೆ ಗಾಯಗಳಿವೆಯೇ ಎಂಬ ಐದು ಪ್ರಶ್ನೆಗಳಿಗೆ ಈ ಅನುಕ್ರಮದಲ್ಲಿಯೇ ಉತ್ತರ ಕಂಡುಕೊಳ್ಳಬೇಕು. ಪ್ರಾಣವನ್ನು ಎಲ್ಲಕ್ಕಿಂತ ಬೇಗ ಕಸಿಯುವ ತೊಂದರೆಯನ್ನು ಎಲ್ಲಕ್ಕಿಂತ ಮೊದಲು ಹುಡುಕುವುದು ಈ ಕ್ರಮದ ತತ್ತ್ವ. ಮುರಿದು ಡೊಂಕಾದ ಕಾಲು ನೋಡಲು ಭಯಂಕರವಾಗಿರಬಹುದು. ಆದರೆ ನಾಲಗೆ ಹಿಂದಕ್ಕೆ ಜಾರಿ ಉಸಿರುಗಟ್ಟಿದ ವ್ಯಕ್ತಿ ಸದ್ದಿಲ್ಲದೆ ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. ಹಲವರು ಗಾಯಗೊಂಡ ಕಡೆ ಕೂಗುತ್ತಿರುವವನಿಗಿಂತ ಮೌನವಾಗಿ ಬಿದ್ದಿರುವವನ ಬಳಿಗೆ ಮೊದಲು ಹೋಗಬೇಕೆಂದು ಶಿಕ್ಷಕರು ಒತ್ತಿ ಹೇಳುವುದು ಈ ಕಾರಣದಿಂದಲೇ.

ಎಣಿಕೆಗಳೂ ಅಗತ್ಯ. ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ನಾಡಿ 60ರಿಂದ 100 ಬಾರಿ ಬಡಿಯುತ್ತದೆ. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡುಗಳೊಳಗೆ ಕೆಂಪು ಮರಳಬೇಕು. ಪ್ರಜ್ಞೆಯನ್ನು ಅಳೆಯಲು 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಇಬ್ಬರು ಶಸ್ತ್ರವೈದ್ಯರು ರೂಪಿಸಿದ ಮಾಪನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಣ್ಣು ತೆರೆಯುವಿಕೆ, ಮಾತು, ಅಂಗಾಂಗ ಚಲನೆ ಈ ಮೂರಕ್ಕೆ ಅಂಕಗಳನ್ನು ಕೊಡಲಾಗುತ್ತದೆ; ಪೂರ್ಣ ಎಚ್ಚರವಿದ್ದವರಿಗೆ 15, ಏನೊಂದೂ ಪ್ರತಿಕ್ರಿಯೆ ಇಲ್ಲದವರಿಗೆ 3. ಒಂದು ಬಾರಿಯ ಅಂಕಕ್ಕಿಂತ ಅಂಕ ಇಳಿಯುತ್ತಿದೆಯೇ ಎಂಬುದು ಮುಖ್ಯ. ಹದಿನೈದು ನಿಮಿಷಗಳ ಹಿಂದೆ ಹೆಸರು ಹೇಳುತ್ತಿದ್ದವನು ಈಗ ಬರಿದೆ ಗೊಣಗುತ್ತಿದ್ದರೆ ತಲೆಯೊಳಗೆ ರಕ್ತಸ್ರಾವವಾಗುತ್ತಿರಬಹುದು.

ಪರೀಕ್ಷೆಯಲ್ಲಿ ಅತಿ ದೊಡ್ಡ ಶತ್ರು ಪೂರ್ವಗ್ರಹ. ರಸ್ತೆಬದಿಯಲ್ಲಿ ತೊದಲುತ್ತ, ತೂರಾಡುತ್ತ ಬಿದ್ದವನನ್ನು ಕಂಡು ಜನ ಕುಡುಕನೆಂದು ಮುಂದೆ ಸಾಗುತ್ತಾರೆ. ಆತ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದ ಮಧುಮೇಹಿಯಾಗಿರಬಹುದು. ಬೆರಳ ತುದಿಯ ಒಂದು ಹನಿ ರಕ್ತ ಸತ್ಯವನ್ನು ಹೇಳುತ್ತದೆ. ಸಕ್ಕರೆಯ ಅಂಶ 70 ಮಿಲಿಗ್ರಾಂಗಿಂತ ಕೆಳಗಿಳಿದಿದ್ದರೆ ಗ್ಲೂಕೋಸ್ ನೀಡಿದ ಕೆಲವೇ ನಿಮಿಷಗಳಲ್ಲಿ ಆತ ಎದ್ದು ಕುಳಿತುಕೊಳ್ಳಬಹುದು. ಅಥವಾ ಅದು ಪಾರ್ಶ್ವವಾಯುವಿನ ಆರಂಭವಾಗಿರಬಹುದು. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆಯೇ, ಒಂದು ಕೈ ಸೋತಿದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡಿ, ಇದು ಯಾವಾಗ ಆರಂಭವಾಯಿತು ಎಂಬ ಸಮಯವನ್ನು ಬರೆದುಕೊಳ್ಳಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ ಬರೆದಿಟ್ಟ ಆ ಒಂದು ಸಮಯವೇ ರೋಗಿಯ ಮುಂದಿನ ಬದುಕನ್ನು ನಿರ್ಧರಿಸಬಹುದು.

ಅನಂತರದ್ದು ರೋಗಿಯ ಮಾತನ್ನು ಕೇಳುವುದು. ಏನು ನೋವು, ಯಾವ ಔಷಧಿ ಒಗ್ಗುವುದಿಲ್ಲ, ಈಗ ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದಾರೆ, ಹಿಂದೆ ಯಾವ ಕಾಯಿಲೆಯಿತ್ತು, ಕೊನೆಯ ಬಾರಿ ಊಟ ಮಾಡಿದ್ದು ಯಾವಾಗ, ಘಟನೆ ಹೇಗಾಯಿತು ಎಂಬಿವು ಕೇಳಲೇಬೇಕಾದ ಪ್ರಶ್ನೆಗಳು. ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ನೋವಿನಲ್ಲಿರುವ ಮನುಷ್ಯ ತಾಯ್ನುಡಿಯಲ್ಲಿಯೇ ಮಾತನಾಡುತ್ತಾನೆ. ಆತನಿಗೆ ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಬಂದ ಮೌನವನ್ನು ಪ್ರಜ್ಞೆಯಿಲ್ಲವೆಂದು ಬರೆದುಕೊಳ್ಳುವ ಅಪಾಯವಿದೆ. ಗಡಿನಾಡಿನಲ್ಲಿ ಮತ್ತು ವಲಸಿಗರು ಹೆಚ್ಚಿರುವ ನಗರಗಳಲ್ಲಿ ನೆರೆಭಾಷೆಯ ನಾಲ್ಕು ಮಾತುಗಳನ್ನು ಕಲಿಯುವುದು ನಾಡಿ ನೋಡುವುದನ್ನು ಕಲಿತಷ್ಟೇ ಉಪಯುಕ್ತ.

ಕೈಗೆ ಬರಬೇಕಾದ ವಿದ್ಯೆ

ಪುಸ್ತಕದಲ್ಲಿ ಓದಿದ್ದು ತುರ್ತಿನ ವೇಳೆಯಲ್ಲಿ ನೆನಪಾಗುವುದಿಲ್ಲ. ಕೈಗೆ ಅಭ್ಯಾಸವಾದದ್ದು ಮಾತ್ರ ಒದಗುತ್ತದೆ. ಆದಕಾರಣ ತರಬೇತಿಯ ಹೆಚ್ಚಿನ ಭಾಗ ಬೊಂಬೆಗಳ ಮೇಲೆ, ಸಹಪಾಠಿಗಳ ಮೇಲೆ, ಅನಂತರ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಿರಿಯರ ಕಣ್ಗಾವಲಿನಲ್ಲಿ ನಡೆಯಬೇಕಾಗುತ್ತದೆ.

ಹೃದಯ ನಿಂತಾಗ ಎದೆಯನ್ನು ಒತ್ತುವ ವಿಧಾನವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. 1960ರಲ್ಲಿ ವೈದ್ಯಲೋಕಕ್ಕೆ ಪರಿಚಯವಾದ ಈ ವಿಧಾನಕ್ಕೆ ಬೇಕಾದದ್ದು ಎರಡು ಕೈಗಳು ಮಾತ್ರ. ವಯಸ್ಕರ ಎದೆಮೂಳೆಯ ಕೆಳ ಅರ್ಧಭಾಗವನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಬಾರಿಯೂ ಎದೆ ಮೊದಲಿನಂತೆ ಮೇಲೇಳಲು ಬಿಡಬೇಕು. 30 ಒತ್ತುಗಳಿಗೆ ಎರಡು ಉಸಿರು ನೀಡಬೇಕು. ಹೇಳುವುದು ಸುಲಭ. ಆದರೆ ಎರಡು ನಿಮಿಷಗಳಲ್ಲಿ ತೋಳು ಸೋಲುತ್ತದೆ, ಒತ್ತುವ ಆಳ ಕಡಿಮೆಯಾಗುತ್ತದೆ, ಒತ್ತುವವನಿಗೆ ಅದು ತಿಳಿಯುವುದೂ ಇಲ್ಲ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕೆಂಬ ನಿಯಮ ಇದರಿಂದಲೇ ಹುಟ್ಟಿದೆ. ಡಿಫಿಬ್ರಿಲೇಟರ್ ಬಳಸುವುದು ತಡವಾದಷ್ಟೂ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ; ಎದೆ ಒತ್ತುತ್ತಿದ್ದರೆ ಈ ಇಳಿತ ನಿಧಾನವಾಗುತ್ತದೆ.

ಮಾಡಬೇಕಾದುದನ್ನು ಕಲಿಸುವಂತೆಯೇ ಮಾಡಬಾರದುದನ್ನೂ ಕಲಿಸಬೇಕು. ಹರಿದ ತೋಳಿನಿಂದ ರಕ್ತ ಸುರಿಯುತ್ತಿರುವಾಗ ಗಾಯದ ಮೇಲೆ ನೇರವಾಗಿ ಒತ್ತಿ ಹಿಡಿಯಬೇಕು. ಅದರಿಂದ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಬಿಗಿಪಟ್ಟಿ ಕಟ್ಟಿ ಸಮಯ ಬರೆಯಬೇಕು. ಆದರೆ ಹಾವು ಕಚ್ಚಿದ ಅಂಗಕ್ಕೆ ಹಾಗೆ ಬಿಗಿದು ಕಟ್ಟುವುದು, ಗಾಯವನ್ನು ಕೊಯ್ಯುವುದು, ವಿಷವನ್ನು ಬಾಯಿಂದ ಹೀರುವುದು ಅಪಾಯಕರ. ಅಂಗವನ್ನು ದಬ್ಬೆ ಕಟ್ಟಿ ಅಲುಗಾಡದಂತಿರಿಸಿ, ರೋಗಿಯನ್ನು ನಡೆಯಗೊಡದೆ, ವಿಷನಿರೋಧಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಉಪಚಾರ. ಎತ್ತರದಿಂದ ಬಿದ್ದವರನ್ನು ತೋಳು ಕಾಲು ಹಿಡಿದು ಎತ್ತಬಾರದು. ಕುತ್ತಿಗೆ ಬೆನ್ನುಗಳನ್ನು ಒಂದೇ ನೇರದಲ್ಲಿಟ್ಟು ನಾಲ್ವರು ಒಟ್ಟಾಗಿ ಹೊರಳಿಸಬೇಕು. ಹೆರಿಗೆಯ ಬಳಿಕ ತಾಯಿಗೆ ಅತಿಯಾದ ರಕ್ತಸ್ರಾವವಾಗುತ್ತಿದ್ದರೆ ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ನೀವುತ್ತ, ಮಗುವನ್ನು ಒರಸಿ ತಾಯಿಯ ಮೈಗೆ ಅಪ್ಪಿಸಿ ಬೆಚ್ಚಗಿಡಬೇಕು. ಇವೆಲ್ಲವನ್ನೂ ಅಲುಗಾಡುವ ವಾಹನದಲ್ಲಿ, ಮಂದ ಬೆಳಕಿನಲ್ಲಿ, ಬಂಧುಗಳ ಗೋಳಾಟದ ನಡುವೆ ಮಾಡಬೇಕೆಂಬುದನ್ನು ನೆನೆದರೆ ಈ ವೃತ್ತಿಯ ಕಷ್ಟ ಅರ್ಥವಾಗುತ್ತದೆ.

ಗುಟ್ಟನ್ನು ಕಾಯುವ ಕರ್ತವ್ಯ

ಮೂರನೆಯ ಅಂಗವನ್ನು ಬೋಧಿಸಲು ತರಗತಿಯಲ್ಲಿ ಒಂದು ಕಲ್ಪಿತ ಸನ್ನಿವೇಶವನ್ನು ಅಭಿನಯಿಸಿ ತೋರಿಸಬಹುದು. ಪುಣೆಯ ಹಿಂಜವಡಿಯಲ್ಲಿ ಕಟ್ಟಡ ಕೆಲಸ ನಡೆದಿದೆ. ವಿಜಯಪುರ ಜಿಲ್ಲೆಯಿಂದ ಬಂದ ಗಾರೆ ಕೆಲಸದವನೊಬ್ಬ ಸಾರ್ವೆಯಿಂದ ಬಿದ್ದಿದ್ದಾನೆ. ಪ್ರಜ್ಞೆಯಿದೆ, ತೊಡೆಯ ಮೂಳೆ ಮುರಿದಂತಿದೆ. ಯಾವ ಮಾತ್ರೆ ಸೇವಿಸುತ್ತೀರಿ ಎಂದು ಸಿಬ್ಬಂದಿ ಕೇಳಿದಾಗ ಆತ ಉತ್ತರಿಸುವುದಿಲ್ಲ. ಸುತ್ತ ನಿಂತವರನ್ನು ನೋಡುತ್ತಾನೆ. ನುರಿತ ಸಿಬ್ಬಂದಿ ಆ ನೋಟವನ್ನು ಅರ್ಥಮಾಡಿಕೊಂಡು, ಜನರನ್ನು ದೂರ ಸರಿಸಿ, ಸ್ಟ್ರೆಚರನ್ನು ವಾಹನಕ್ಕೇರಿಸಿ, ಬಾಗಿಲು ಹಾಕಿ ಮತ್ತೆ ಕೇಳುತ್ತಾನೆ. ಆಗ ರೋಗಿ ಅಂಗಿಯ ಒಳಜೇಬಿನಿಂದ ಎಚ್‌ಐವಿ ಚಿಕಿತ್ಸೆಯ ಮಾತ್ರೆಗಳನ್ನು ತೆಗೆದು ತೋರಿಸುತ್ತಾನೆ.

“ಯಾರಿಗೂ ಹೇಳಬ್ಯಾಡ್ರಿ ಸಾಹೇಬ್ರ. ಗೊತ್ತಾತಂದ್ರ ನನ್ನ ಕೆಲಸಕ್ಕ ತಗೊಳ್ಳೂದಿಲ್ಲ.”

“ಯಾರಿಗೂ ಹೇಳೂದಿಲ್ರಿ. ನಿಮಗ ಔಷಧ ಕೊಡೋ ಡಾಕ್ಟರಿಗೆ ಅಷ್ಟ ತಿಳಿಸತೀನಿ. ಅವರಿಗೆ ಗೊತ್ತಿರಬೇಕು. ಒಪ್ಪಿಗಿ ಐತೇನ್ರಿ?”

ರೋಗಿ ತಲೆಯಾಡಿಸುತ್ತಾನೆ. ಆಸ್ಪತ್ರೆಯ ಬಾಗಿಲಲ್ಲಿ ಗುತ್ತಿಗೆದಾರ ಎದುರಾಗಿ, ಆತನಿಗೆ ಏನು ಕಾಯಿಲೆಯಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಾನೆ ಎಂದು ವಿಚಾರಿಸುತ್ತಾನೆ. ತಾನೇ ಆಸ್ಪತ್ರೆಯ ಖರ್ಚು ಕೊಡುವವನೆಂದೂ ಹೇಳುತ್ತಾನೆ. ಈಗ ಸಿಬ್ಬಂದಿ ಏನು ಉತ್ತರಿಸಬೇಕು? ತರಗತಿಯಲ್ಲಿ ಚರ್ಚೆ ಇಲ್ಲಿಂದ ಆರಂಭವಾಗಬೇಕು. ಸುಳ್ಳು ಹೇಳುವ ಅಗತ್ಯವಿಲ್ಲ. “ಕಾಲಿಗೆ ಪೆಟ್ಟಾಗಿದೆ, ಚಿಕಿತ್ಸೆ ನಡೆಯುತ್ತಿದೆ. ಉಳಿದುದನ್ನು ರೋಗಿಯ ಒಪ್ಪಿಗೆಯಿಲ್ಲದೆ ಹೇಳುವ ಹಾಗಿಲ್ಲ” ಎಂಬ ಸೌಮ್ಯವಾದ, ದೃಢವಾದ ಮಾತು ಸಾಕು.

ಈ ಸನ್ನಿವೇಶದಲ್ಲಿ ಪಣಕ್ಕಿರುವುದು ಏನೆಂಬುದನ್ನು ಗಮನಿಸಬೇಕು. ಬಾಗಿಲು ಹಾಕದೆ ಕೇಳಿದ್ದರೆ ರೋಗಿ ಸತ್ಯ ಹೇಳುತ್ತಿರಲಿಲ್ಲ. ವೈದ್ಯರು ಆ ಮಾತ್ರೆಗಳ ಜೊತೆ ಹೊಂದದ ಔಷಧಿಯನ್ನು ಕೊಡುವ ಸಂಭವವಿತ್ತು. ಹೇಳಿದ ಮೇಲೆ ಗುಟ್ಟು ಬಯಲಾಗಿದ್ದರೆ ಕಾಲು ವಾಸಿಯಾದರೂ ಆತನ ಅನ್ನ ಹೋಗುತ್ತಿತ್ತು. ಮುಂದೆ ಅಂತಹ ಇನ್ನೊಬ್ಬ ಕೆಲಸಗಾರ ಆಂಬುಲೆನ್ಸನ್ನು ಕರೆಯಲೂ ಹಿಂಜರಿಯುತ್ತಿದ್ದ. 1897ರಲ್ಲಿ ಪುಣೆಯ ಜನ ರೋಗಿಗಳನ್ನು ಮುಚ್ಚಿಟ್ಟದ್ದಕ್ಕೂ ಈ ಹಿಂಜರಿಕೆಗೂ ಮೂಲ ಒಂದೇ.

ಎಚ್‌ಐವಿ ಕುರಿತ ಸಂಶೋಧನೆಗೂ ಪುಣೆಗೂ ಹತ್ತಿರದ ನಂಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ್ದು ಇಲ್ಲಿನ ಭೋಸರಿಯಲ್ಲಿ. 2017ರಲ್ಲಿ ಸಂಸತ್ತು ಅಂಗೀಕರಿಸಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಆತನ ಸೋಂಕಿನ ವಿಷಯವನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಚಿಕಿತ್ಸೆಗೆ ಅವಶ್ಯವಿದ್ದಾಗ ಆರೋಗ್ಯ ಕಾರ್ಯಕರ್ತರು ಪರಸ್ಪರ ತಿಳಿಸಿಕೊಳ್ಳಲು, ನ್ಯಾಯಾಲಯದ ಆದೇಶವಿದ್ದಾಗ ತಿಳಿಸಲು ಅದರಲ್ಲಿ ಅವಕಾಶವಿದೆ. ಹಾಗಾದರೆ ಸಿಬ್ಬಂದಿಯ ಸುರಕ್ಷತೆಯ ಗತಿಯೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಸರಳ. ಪ್ರತಿಯೊಬ್ಬ ರೋಗಿಯ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಭಾವಿಸಿ ಕೈಗವಸು ಧರಿಸಬೇಕು. ಎಲ್ಲರ ವಿಷಯದಲ್ಲಿಯೂ ಎಚ್ಚರ ವಹಿಸುವವನಿಗೆ ಒಬ್ಬನತ್ತ ಬೆರಳು ತೋರುವ ಅಗತ್ಯ ಬೀಳುವುದಿಲ್ಲ. ಸೂಜಿ ಚುಚ್ಚಿಕೊಂಡರೆ ತಡಮಾಡದೆ, ಹೆಚ್ಚೆಂದರೆ 72 ಗಂಟೆಗಳೊಳಗೆ, ರಕ್ಷಣಾ ಔಷಧಿಯನ್ನು ಪ್ರಾರಂಭಿಸಬೇಕು.

ಗೋಪ್ಯತೆಗೂ ಮಿತಿಗಳುಂಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯಿದೆಯಂತೆ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಅದೇ ಸಂದರ್ಭದಲ್ಲಿ ಆ ಮಗುವಿನ ಗುರುತನ್ನು ಪ್ರಕಟಪಡಿಸುವುದಕ್ಕೆ ಕಾನೂನಿನ ನಿಷೇಧವಿದೆ. ಹೇಳಬೇಕಾದವರಿಗೆ ಹೇಳಬೇಕು, ಹೇಳಬಾರದವರಿಗೆ ಹೇಳಬಾರದು. ಈ ವಿವೇಚನೆಯನ್ನು ಬೆಳೆಸುವುದೇ ತರಬೇತಿಯ ಗುರಿ. ಮಾನಸಿಕ ಅಸ್ವಸ್ಥರ ಗೋಪ್ಯತೆಯ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನ್ಯ ಮಾಡಿದೆ.

ಇಂದು ಅಪಾಯ ಬರುವುದು ನಾಲಗೆಯಿಂದ ಮಾತ್ರವಲ್ಲ, ಜೇಬಿನಲ್ಲಿರುವ ಮೊಬೈಲಿನಿಂದಲೂ. ಗಾಯಾಳುವಿನ ಚಿತ್ರ ಒಂದು ಗಳಿಗೆಯಲ್ಲಿ ಊರೆಲ್ಲ ಹರಡುತ್ತದೆ. ಮನೆಯವರಿಗೆ ಸಾವಿನ ಸುದ್ದಿ ಪರಕೀಯರ ವಾಟ್ಸಾಪಿನಿಂದ ತಲುಪುತ್ತದೆ. 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು ಪತ್ತೆಯಾದದ್ದೂ ಪುಣೆಯಲ್ಲಿಯೇ. ಆ ದಿನಗಳಲ್ಲಿ ದೇಶದ ಹಲವೆಡೆ ಸೋಂಕಿತರ ಹೆಸರು, ವಿಳಾಸಗಳು ಜನರ ಕೈಸೇರಿ ಅವರ ಕುಟುಂಬಗಳು ನೆರೆಹೊರೆಯವರ ತಿರಸ್ಕಾರಕ್ಕೆ ಗುರಿಯಾದುದನ್ನು ಎಲ್ಲರೂ ಬಲ್ಲರು. ರೋಗಿಯ ಚಿತ್ರವನ್ನು ಚಿಕಿತ್ಸೆಯ ಅಗತ್ಯಕ್ಕಲ್ಲದೆ ತೆಗೆಯಬಾರದು. ದಾಖಲೆಯ ಹಾಳೆಯನ್ನು ವಾಹನದಲ್ಲಿ ತೆರೆದಿಡಬಾರದು. ಚಹದಂಗಡಿಯಲ್ಲಿ ರೋಗಿಯ ಕಥೆ ಹೇಳಬಾರದು ಎಂಬ ಸಣ್ಣ ನಿಯಮಗಳು ಈ ಹಿನ್ನೆಲೆಯಲ್ಲಿ ದೊಡ್ಡವಾಗುತ್ತವೆ.

ಈ ಮೌಲ್ಯ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ರೋಗಿಯ ಮನೆಯೊಳಗಿನ ವಿಷಯಗಳನ್ನು ಹೊರಗೆ ಆಡಬಾರದೆಂದು ಚರಕ ಸಂಹಿತೆಯು ವೈದ್ಯ ವಿದ್ಯಾರ್ಥಿಗೆ ವಿಧಿಸುತ್ತದೆ. ಅದೇ ಗ್ರಂಥವು ವೈದ್ಯ, ಔಷಧಿ, ಪರಿಚಾರಕ, ರೋಗಿ ಈ ನಾಲ್ಕನ್ನು ಚಿಕಿತ್ಸೆಯ ಪಾದಗಳೆಂದು ಕರೆದು, ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಇರಬೇಕೆಂದು ಹೇಳುತ್ತದೆ. ಇಂದಿನ ಅರೆವೈದ್ಯಕೀಯ ಪಠ್ಯಕ್ರಮದ ಸಾರ ಈ ನಾಲ್ಕು ಗುಣಗಳಲ್ಲಿ ಅಡಗಿದೆ.

ಮನ್ನಣೆ ಮತ್ತು ಜನರ ಹೊಣೆ

ಬಹುಕಾಲ ಈ ವೃತ್ತಿಯವರಿಗೆ ದೇಶಾದ್ಯಂತ ಒಂದೇ ಬಗೆಯ ಶಿಕ್ಷಣದ ಮಟ್ಟವಾಗಲಿ, ನೋಂದಣಿಯಾಗಲಿ ಇರಲಿಲ್ಲ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯಿದೆಯು ಈ ಕೊರತೆಯನ್ನು ನೀಗಲು ರೂಪುಗೊಂಡಿತು. ತುರ್ತು ಸೇವೆಯ ಅರೆವೈದ್ಯಕೀಯ ವೃತ್ತಿಯೂ ಅದರ ಅನುಸೂಚಿಯಲ್ಲಿ ಸೇರಿದೆ. ಆದರೆ ಕಾಯಿದೆ ಮನ್ನಣೆ ನೀಡಬಲ್ಲುದು. ಕೌಶಲವನ್ನು ನಿರಂತರ ಅಭ್ಯಾಸವೇ ನೀಡಬೇಕು.

ಸಾರ್ವಜನಿಕರ ಪಾತ್ರವೂ ಕಡಿಮೆಯದಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಅನಂತರ ಕಾನೂನಿನ ವಿಧಿಗಳು ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ರಕ್ಷಣೆ ನೀಡಿದೆ; ಅವರು ತಮ್ಮ ಹೆಸರನ್ನು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಆದ್ದರಿಂದ ಅಂಜದೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಸ್ಥಳದ ಗುರುತನ್ನು ಸ್ಪಷ್ಟವಾಗಿ ಹೇಳಬೇಕು. ಆಂಬುಲೆನ್ಸಿಗೆ ದಾರಿ ಬಿಡಬೇಕು. ಗಾಯಾಳುವಿನ ಸುತ್ತ ಗುಂಪುಗೂಡದೆ ಗಾಳಿಯಾಡಲು ಬಿಡಬೇಕು. ಮೊಬೈಲನ್ನು ಚಿತ್ರ ತೆಗೆಯಲು ಬಳಸದೆ ಸಹಾಯ ಕೋರಲು ಬಳಸಬೇಕು. ಮನೆಯ ಹಿರಿಯರು ಸೇವಿಸುವ ಮಾತ್ರೆಗಳ ಚೀಟಿಯೊಂದನ್ನು ಕೈಗೆಟಕುವಂತೆ ಇಟ್ಟುಕೊಂಡರೆ ತುರ್ತಿನ ವೇಳೆಯಲ್ಲಿ ಅಮೂಲ್ಯವಾದ ನಿಮಿಷಗಳು ಉಳಿಯುತ್ತವೆ.

ಪುಣೆಯ ಪ್ಲೇಗಿನ ದಿನಗಳಿಂದ ಇಂದಿನ 108ರ ದಿನಗಳವರೆಗೆ ಉಪಕರಣಗಳು ಬದಲಾಗಿವೆ, ವಾಹನಗಳು ಬದಲಾಗಿವೆ, ವಿದ್ಯೆ ಬೆಳೆದಿದೆ. ಆದರೆ ನೋವಿನಲ್ಲಿರುವವನು ತನ್ನ ಬಳಿಗೆ ಬಂದವರ ಮುಖದಲ್ಲಿ ಹುಡುಕುವುದು ಅಂದಿಗೂ ಇಂದಿಗೂ ಒಂದನ್ನೇ: ಇವರನ್ನು ನಂಬಬಹುದೇ? ನೋಡುವ ಕಣ್ಣು, ನುರಿತ ಕೈ, ಮುಚ್ಚಿದ ಬಾಯಿ ಈ ಮೂರೂ ಕೂಡಿದಾಗ ಆ ಪ್ರಶ್ನೆಗೆ ಹೌದೆಂಬ ಉತ್ತರ ದೊರೆಯುತ್ತದೆ. ಅಂತಹ ಉತ್ತರ ಕೊಡಬಲ್ಲ ಸಿಬ್ಬಂದಿಯನ್ನು ಸಿದ್ಧಗೊಳಿಸುವುದು ತರಬೇತಿ ಸಂಸ್ಥೆಗಳ ಕರ್ತವ್ಯ. ಅವರನ್ನು ಗೌರವದಿಂದ ಕಂಡು ಸಹಕರಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.